ಮೋಸಹೋದವಳು ನಗಬಾರದೆ?

ಕಳೆದ ತಿಂಗಳು ನಮ್ಮ ಸಂಘದ ವಾಚನಗೋಷ್ಠಿಯಲ್ಲಿ ಆಳಂದ ಸೀಮೆಯ ತರುಣ ಲೇಖಕಿಯೋರ್ವಳು ಇನ್ನೂ ಅಚ್ಚಿನ ಮುಖವನ್ನು ಕಾಣದ ತನ್ನ ಕಾದಂಬರಿಯ ಎರಡು ಪ್ರಕರಣಗಳನ್ನು ಓದಿದಳು. ಕಥಾವಸ್ತುವು ಇಷ್ಟೇ: ತಾಲೂಕಿನ ಊರೊಂದರ ಸಹಕಾರಿ ಬ್ಯಾಂಕಿನಲ್ಲಿ ಕಾರಕೂನಿಕೆ ಮಾಡುವ, ಮೂವತ್ತು ಮೀರಿದ ಕನ್ಯೆಯೊಬ್ಬಳಿಗೆ ವಧೂವರರ ಜಾಲತಾಣದ ಮೂಲಕ ಒಬ್ಬ ವರನು ಗಂಟುಬೀಳುವನು; ಆರು ತಿಂಗಳು ಸವಿಸವಿಯಾಗಿ ಮಾತಾಡಿ, ಅವಳ ಉಳಿತಾಯವನ್ನೆಲ್ಲ ಬಳಿದುಕೊಂಡು, ಮುಹೂರ್ತಕ್ಕೆ ಮೂರು ವಾರವಿರುವಾಗ ಮಾಯವಾಗುವನು. ಇದಿಷ್ಟೂ ಮೊದಲ ನಾಲ್ಕು ಪುಟಗಳಲ್ಲಿಯೇ ಮುಗಿದುಹೋಗುವದು. ಉಳಿದದ್ದೆಲ್ಲ ಆಕೆಯು ಹೇಗೆ ಚೇತರಿಸಿಕೊಂಡಳೆಂಬ ವೃತ್ತಾಂತ. ಆಕೆಯು ಒಂದು ನೋಟುಬುಕ್ಕನ್ನು ತಂದು, ಆ ಮಹಾಶಯನು ಹೇಳಿದ ಸುಳ್ಳುಗಳನ್ನೆಲ್ಲ ತಾರೀಖುವಾರು ಬರೆದು, ಪರೀಕ್ಷೆಯ ಪತ್ರಿಕೆಗಳನ್ನು ತಿದ್ದುವ ಮಾಸ್ತರನಂತೆ ಒಂದೊಂದಕ್ಕೂ ಹತ್ತಕ್ಕೆ ಇಷ್ಟೆಂದು ಮಾರ್ಕು ಹಾಕುತ್ತ ಕುಳಿತುಕೊಳ್ಳುವ ಸನ್ನಿವೇಶ ಬಂದಾಗ, ಹಿಂದಿನ ಸಾಲಿನ ಹೆಣ್ಣುಮಕ್ಕಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನಾನೂ ನಕ್ಕೆನು.

ಓದು ಮುಗಿದ ಮೇಲೆ ಸಂಘದ ಹಿರಿಯ ಸದಸ್ಯರೂ ನನಗೆ ನಲವತ್ತು ವರ್ಷಗಳ ಸನ್ಮಿತ್ರರೂ ಆದ ಪಂಡಿತರೊಬ್ಬರು ಎದ್ದುನಿಂತು ಶಾಲು ಸರಿಮಾಡಿಕೊಂಡರು. ವಂಚನೆಗೆ ಒಳಗಾದ ಸ್ತ್ರೀಯ ದುಃಖವು ಕರುಣರಸಕ್ಕೆ ವಿಷಯವೇ ಹೊರತು ಹಾಸ್ಯಕ್ಕಲ್ಲವೆಂದೂ, ಬಿದ್ದವರನ್ನು ಕಂಡು ನಗುವದು ಶಿಷ್ಟಲಕ್ಷಣವಲ್ಲವೆಂದೂ, ಇಂಥ ಬರವಣಿಗೆಯು ಸಂಭಾವಿತರ ಮನೆಗಳನ್ನು ಹೊಕ್ಕರೆ ಮೋಸಹೋಗುವದೂ ಒಂದು ವಿನೋದವೇ ಎಂಬ ಅಲಕ್ಷ್ಯವು ನಮ್ಮ ಬಾಲಿಕೆಯರಲ್ಲಿ ಬೇರೂರುವದೆಂದೂ ಅವರು ಅಪ್ಪಣೆ ಕೊಡಿಸಿದರು. ಲೇಖಕಿಯು ಕಾಗದಗಳನ್ನು ಮಡಿಚಿ ಕೈಚೀಲದಲ್ಲಿಟ್ಟುಕೊಂಡಳು. ಯಾರೂ ಮಾತಾಡಲಿಲ್ಲ. ಚಹಾ ಬಂದಿತು. ಸಂಸ್ಕೃತ ಪಾಠಶಾಲೆಯಲ್ಲಿ ಅಲಂಕಾರಶಾಸ್ತ್ರವನ್ನು ಕಲಿತು, ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನೂ ಸುಮ್ಮನೆ ಚಹಾ ಕುಡಿದು ಹಿರೋಳ್ಳಿಯ ಬಸ್ಸು ಹತ್ತಿದೆನು. ಆ ಮೌನಕ್ಕಾಗಿ ನಾಚಿಕೊಂಡು ಇದನ್ನು ಬರೆಯುತ್ತಿರುವೆನು. ಮಿತ್ರರು ಕ್ಷಮಿಸಲಿ, ಕ್ಷಮಿಸದಿದ್ದರೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡಲಿ.

ಅವರು ಶಾಸ್ತ್ರವನ್ನು ಮುಂದಿಟ್ಟರಾದ್ದರಿಂದ ನಾನೂ ಅಲ್ಲಿಂದಲೇ ಹೊರಡುವೆನು. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ನಾಲ್ಕು ರಸಗಳನ್ನು ಮೂಲವೆಂದು ಎಣಿಸಿ, ಉಳಿದ ನಾಲ್ಕು ಅವುಗಳಿಂದ ಹುಟ್ಟುವವೆಂದು ಹೇಳಿರುವನು. ಅಲ್ಲಿ ಹಾಸ್ಯದ ತಾಯಿ ಯಾವದು? ಶೃಂಗಾರ. ಕರುಣಕ್ಕೆ ಮೂಲ ಯಾವದು? ರೌದ್ರ. ಪ್ರೇಮವು ಕೆಟ್ಟಲ್ಲಿ ಹುಟ್ಟತಕ್ಕ ಮೊದಲನೆಯ ಕೂಸು ಹಾಸ್ಯವೆಂದು ಮುನಿಯೇ ಜಾತಕ ಬರೆದಿಟ್ಟಿರುವಾಗ, ಅದನ್ನು ಕರುಣದ ಮನೆಗೆ ದತ್ತು ಕೊಡಲು ನಮ್ಮ ಮಿತ್ರರಿಗೆ ಅಧಿಕಾರ ಕೊಟ್ಟವರಾರು? ಮುಂದೆ ಅಭಿನವಗುಪ್ತನು ಈ ಮಾತನ್ನು ವ್ಯಾಖ್ಯಾನಿಸುವಾಗ ಆಭಾಸದ ವಿಚಾರವನ್ನು ಎತ್ತುವನು. ರತಿಯು ನಿಜವಾಗಿರದೆ ರತಿಯಂತೆ ತೋರಿದರೆ ಅದು ಶೃಂಗಾರವಲ್ಲ, ಶೃಂಗಾರಾಭಾಸ. ಅದರ ಫಲ ಹಾಸ್ಯ. ಇದಕ್ಕೆ ಆತನು ಕೊಡುವ ಉದಾಹರಣೆ ಸೀತೆಯಲ್ಲಿ ರಾವಣನಿಗಿದ್ದ ಮೋಹ. ಅಶೋಕವನಕ್ಕೆ ಬಂದು ಹಲ್ಲುಕಿರಿಯುವ ಹತ್ತು ತಲೆಗಳನ್ನು ಕಂಡು ಅಳಬೇಕೆಂದು ಯಾವ ಆಲಂಕಾರಿಕನೂ ವಿಧಿಸಿಲ್ಲ. ಹೆಣ್ಣಿನ ಬ್ಯಾಂಕಿನ ಪುಸ್ತಕದ ಮೇಲೆ ಕಣ್ಣಿಟ್ಟು ಅವಳ ಕಣ್ಣುಗಳನ್ನು ಹೊಗಳುವವನ ಪ್ರೇಮವು ಆಭಾಸವಲ್ಲದೆ ಮತ್ತೇನು?

ಇಲ್ಲಿ ಮಿತ್ರರು ನನ್ನನ್ನು ಹಿಡಿಯುವರೆಂಬುದನ್ನು ಬಲ್ಲೆನು. ಆತನ ಪ್ರೇಮವು ಆಭಾಸವಿರಬಹುದು, ಆಕೆಯ ಪ್ರೇಮವು ನಿಜವಾಗಿದ್ದಿತಲ್ಲ, ಅದಕ್ಕೇನು ಗತಿ ಎಂದು ಕೇಳುವರು. ಈ ಪ್ರಶ್ನೆಯನ್ನು ನಾನು ಹಗುರಾಗಿ ನೋಡಲಾರೆ. ವಾದವೆಲ್ಲ ಇರುವದು ಇಲ್ಲಿಯೇ. ಶೋಕವು ಕರುಣಕ್ಕೆ ಸ್ಥಾಯಿ. ಇಷ್ಟಜನರ ನಾಶವು ಅದಕ್ಕೆ ವಿಭಾವ. ಹಾಗಾದರೆ ಇಲ್ಲಿ ಸತ್ತವರಾರು? ಆಕೆಯು ಒಲಿದದ್ದು ತಾಯಿಯ ಸೇವೆ ಮಾಡುವ, ಸಿಗರೇಟು ಸೇದದ, ಪುಣೆಯಲ್ಲಿ ಇಂಜಿನಿಯರನಾಗಿರುವ ಒಬ್ಬ ಸದ್ಗೃಹಸ್ಥನಿಗೆ. ಆ ಗೃಹಸ್ಥನು ಹುಟ್ಟಿಯೇ ಇರಲಿಲ್ಲ. ಹುಟ್ಟದವನಿಗೆ ಯಾವ ತಿಥಿಯಲ್ಲಿ ಶ್ರಾದ್ಧ ಮಾಡಬೇಕು? ಸತ್ತದ್ದು ಬೇರೆ ಕೆಲವು ಉಂಟು: ಬೆವರಿನ ಹಣ, ಆರು ತಿಂಗಳ ಆಯುಷ್ಯ, ಮನುಷ್ಯರ ಮಾತಿನ ಮೇಲಿದ್ದ ವಿಶ್ವಾಸ. ಇವುಗಳಿಗಾಗಿ ಆಕೆಯು ಅಳತಕ್ಕದ್ದೇ. ಕಾದಂಬರಿಕಾರ್ತಿಯು ಈ ಅಳುವಿಗೆ ನಾಲ್ಕೇ ಪುಟಗಳನ್ನು ಕೊಟ್ಟಿದ್ದು ಕಡಿಮೆಯಾಯಿತೆಂದು ನನ್ನ ಮತ. ನಾನಾಗಿದ್ದರೆ ಹತ್ತಾದರೂ ಕೊಡುತ್ತಿದ್ದೆನು. ಆದರೆ ನಾನೂರು ಪುಟ ಕೊಡಬೇಕೆಂಬುವರ ಜೊತೆಗೆ ನಾನಿಲ್ಲ.

ಇನ್ನು ಪೂರ್ವಕವಿಗಳ ಸಮ್ಮತಿಯನ್ನು ನೋಡುವಾ. ದಂಡಿಯ ಹೆಸರನ್ನು ಕಲಬುರಗಿ ಜಿಲ್ಲೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಸೇಡಂ ತಾಲೂಕಿನ ಮಳಖೇಡವು ಮಾನ್ಯಖೇಟವಾಗಿದ್ದಾಗ, ಸುಮಾರು ೮೫೦ರ ಹೊತ್ತಿಗೆ, ನೃಪತುಂಗನ ಸಭೆಯಲ್ಲಿ ಹುಟ್ಟಿದ ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶದ ಹೆಗಲ ಮೇಲೆ ಕುಳಿತು ಕನ್ನಡದ ದಾರಿಯನ್ನು ನೋಡಿದ ಗ್ರಂಥ. ನಮಗೆ ಲಕ್ಷಣ ಕಲಿಸಿದ ಆ ಆಚಾರ್ಯನೇ ದಶಕುಮಾರಚರಿತವನ್ನೂ ಬರೆದನೆಂಬುದು ಪರಂಪರೆಯ ಮಾತು. ಅದರಲ್ಲಿ ಅಪಹಾರವರ್ಮನ ಕಥೆಯನ್ನು ನಮ್ಮ ಮಿತ್ರರು ಪಾಠಶಾಲೆಯಲ್ಲಿ ಓದಿರಬೇಕು. ಓದಿದ ಮೇಲೆ ಮರೆತಿರಬೇಕು.

ಚಂಪಾನಗರಿಯ ಹೊರಗೆ ಗಂಗೆಯ ದಂಡೆಯ ಮೇಲೆ ಮರೀಚಿಯೆಂಬ ಮಹರ್ಷಿಯು ತಪಸ್ಸು ಮಾಡುತ್ತಿರುವನು. ಕಾಮಮಂಜರಿಯೆಂಬ ವೇಶ್ಯೆಯು ಅವನ ಕಾಲಿಗೆ ಬಿದ್ದು, ತನಗೆ ಸಂಸಾರದಲ್ಲಿ ಹೇಸಿಗೆ ಹುಟ್ಟಿತೆನ್ನುವಳು. ಹಿಂದೆಯೇ ಅವಳ ತಾಯಿಯು ಬಂದು, ಮಗಳು ಕುಲವೃತ್ತಿಯನ್ನು ಬಿಟ್ಟಳೆಂದು ಗೋಳಾಡುವಳು. ನಾಲ್ಕು ದಿನ ಕಾಡಿನ ಕಷ್ಟ ಕಂಡರೆ ತಾನಾಗಿ ಮನೆಗೆ ಬರುವಳೆಂದು ಋಷಿಯು ತಾಯಿಯನ್ನು ಸಮಾಧಾನಪಡಿಸಿ ಕಳಿಸುವನು. ಮಗಳು ಹೂ ಕೊಯ್ದಳು, ಪೂಜೆಗೆ ಅಣಿಮಾಡಿದಳು, ಧರ್ಮಾರ್ಥಕಾಮಗಳ ತಾರತಮ್ಯವನ್ನು ಚರ್ಚಿಸಿದಳು. ಚರ್ಚೆಯು ಮೂರನೆಯದಕ್ಕೆ ಬಂದು ನಿಂತಿತು. ಋಷಿಯು ಅವಳ ಬೆನ್ನುಹತ್ತಿ ನಗರಕ್ಕೆ ಹೊರಟನು. ಮರುದಿನ ಉತ್ಸವದಲ್ಲಿ, ರಾಜನ ಎದುರಿಗೆ, ಮತ್ತೊಬ್ಬ ಗಣಿಕೆಯು ಎದ್ದು ಕಾಮಮಂಜರಿಗೆ ಕೈಮುಗಿದು ತಾನು ಸೋತೆನೆಂದು ಒಪ್ಪಿಕೊಂಡಳು. ಇದ್ದದ್ದು ಒಂದು ಪಂಥ! ಮರೀಚಿಯನ್ನು ಗೆದ್ದವಳಂತೆ ಮೆರೆಯುತ್ತೀಯಲ್ಲ ಎಂದು ಒಬ್ಬಳು ಕೆಣಕಿದ್ದಕ್ಕೆ ಇನ್ನೊಬ್ಬಳು ಗೆದ್ದೇ ತೋರಿಸಿದ್ದಳು. ಪಂಥ ಗೆದ್ದ ಮೇಲೆ ಆಕೆಯು ಋಷಿಗೆ ವಿನಯದಿಂದ ನಮಸ್ಕರಿಸಿ, ಇನ್ನು ತಮ್ಮ ಅನುಷ್ಠಾನವನ್ನು ಮುಂದುವರಿಸಬಹುದೆಂದು ಬೀಳ್ಕೊಟ್ಟಳು.

ಇದಕ್ಕಿಂತ ದೊಡ್ಡ ಪ್ರಣಯವಂಚನೆಯನ್ನು ಯಾವ ಜಾಲತಾಣವು ತೋರಿಸಬಲ್ಲದು? ಮುಂದಿನದು ಇನ್ನೂ ಮುಖ್ಯ. ಈ ಕಥೆಯನ್ನು ನಮಗೆ ಹೇಳುವವನಾರು? ದಾರಿಹೋಕನಲ್ಲ, ಚಂಪೆಯ ಕುಚೋದ್ಯಗಾರರಲ್ಲ, ಸ್ವತಃ ಮರೀಚಿ. ತನ್ನ ದಿವ್ಯದೃಷ್ಟಿಯ ಸಹಾಯ ಬೇಡಿ ಬಂದ ಅಪಹಾರವರ್ಮನಿಗೆ, ಸದ್ಯಕ್ಕೆ ಅದು ನನ್ನಲ್ಲಿಲ್ಲವಪ್ಪಾ, ಹೋದದ್ದು ಹೀಗೆ, ಎಂದು ತನ್ನ ಮರುಳುತನವನ್ನು ತಾನೇ ಬಿಡಿಸಿಬಿಡಿಸಿ ಹೇಳುವನು. ಆಕೆಯೇ ಹುಟ್ಟಿಸಿದ ವೈರಾಗ್ಯದಿಂದ ಮತ್ತೆ ಶಕ್ತನಾಗುವೆನು, ಅಲ್ಲಿಯವರೆಗೆ ಚಂಪೆಯಲ್ಲಿರು, ಎಂದು ಭರವಸೆಯನ್ನೂ ಕೊಡುವನು. ಹೇಳಿಕೊಳ್ಳಲು ಬಂದದ್ದೇ ಅವನು ಚೇತರಿಸಿಕೊಂಡ ಗುರುತು. ಅದೇ ಕಥೆಯಲ್ಲಿ ಇನ್ನೊಬ್ಬನನ್ನು ನೋಡಿರಿ. ವರ್ತಕನ ಮಗ ವಸುಪಾಲಿತ, ರೂಪಹೀನನಾದ್ದರಿಂದ ವಿರೂಪಕನೆಂದು ಹೆಸರುಪಡೆದವನು. ಅದೇ ಕಾಮಮಂಜರಿಯು ಅವನ ಐಶ್ವರ್ಯವನ್ನೆಲ್ಲ ಹೀರಿ ಲಂಗೋಟಿಯೊಂದನ್ನು ಬಿಟ್ಟಿದ್ದಳು. ಅವನು ಕ್ಷಪಣಕನಾಗಿ, ಆ ವ್ರತವನ್ನೂ ತಾಳಲಾರದೆ, ಊರ ಹೊರಗೆ ಕುಳಿತು ಅಳುತ್ತಿದ್ದನು. ದಂಡಿಯು ಅವನನ್ನು ಅಳುತ್ತಲೇ ಬಿಟ್ಟುಹೋಗಬಹುದಾಗಿತ್ತು, ಬಿಡಲಿಲ್ಲ. ನ್ಯಾಯವಲ್ಲದ ಗಳಿಕೆಯನ್ನು ಒಡೆಯರಿಗೆ ತಿರುಗಿ ಕೊಟ್ಟವರಿಗೆ ಮಾತ್ರ ಬಂಗಾರ ಸುರಿಸುವ ಚರ್ಮದ ಚೀಲವೊಂದಿದೆಯೆಂದು ಕಾಮಮಂಜರಿಯನ್ನು ನಂಬಿಸಿ, ಅವಳ ಆಶೆಯಿಂದಲೇ ಅವಳ ಕೈ ಬಿಚ್ಚಿಸಿ, ವಿರೂಪಕನ ಹಣವನ್ನು ವಿರೂಪಕನಿಗೆ ಮುಟ್ಟಿಸಿದನು. ಓದುಗನು ಮೊದಲಿನಿಂದ ಕೊನೆಯವರೆಗೆ ನಗುತ್ತಿರುವನು. ಒಂದು ಸಾವಿರದ ಮುನ್ನೂರು ವರ್ಷಗಳಿಂದ ಪಂಡಿತರು ಇದನ್ನು ಪಾಠ ಹೇಳುತ್ತ ಬಂದಿರುವರು. ವಂಚಿತರ ದುಃಖಕ್ಕೆ ಅಪಚಾರವಾಯಿತೆಂದು ಯಾರೂ ಶಾಲು ಸರಿಮಾಡಿಕೊಂಡು ಎದ್ದದ್ದನ್ನು ನಾನು ಕೇಳಿಲ್ಲ. ಕಾಶ್ಮೀರದ ಕ್ಷೇಮೇಂದ್ರನೂ ಕಲಾವಿಲಾಸದಲ್ಲಿ ಮೂಲದೇವನೆಂಬ ಪಳಗಿದ ಧೂರ್ತನ ಬಾಯಿಂದ ವರ್ತಕನ ಮಗನೊಬ್ಬನಿಗೆ ಸಕಲ ಮೋಸಗಳ ಪಾಠ ಹೇಳಿಸಿರುವನು. ಅದೂ ನಗೆಯ ಪುಸ್ತಕವೇ.

ಹಾಗಾದರೆ ನಮ್ಮ ಮಿತ್ರರಿಗೆ ಅಡ್ಡಬಂದದ್ದು ಯಾವದು? ಮರೀಚಿಯು ಗಂಡಸು, ವಿರೂಪಕನು ಗಂಡಸು. ಮೋಸಹೋದ ಗಂಡಸು ನಕ್ಕರೆ ವಿವೇಕಿ. ಮೋಸಹೋದ ಹೆಂಗಸು ನಕ್ಕರೆ ಲಜ್ಜೆಗೇಡಿ. ಈ ಭೇದವನ್ನು ಭರತನು ಮಾಡಲಿಲ್ಲ, ದಂಡಿಯು ಮಾಡಲಿಲ್ಲ, ನಾವು ಮಾಡಿಕೊಂಡೆವು. ವ್ಯಾಸರ ಶಕುಂತಲೆಯನ್ನು ನೆನೆಯಿರಿ. ಆದಿಪರ್ವದಲ್ಲಿ ದುಷ್ಯಂತನು ನೀನಾರೋ ಎಂದಾಗ ಆಕೆಯು ಮೂರ್ಛೆಹೋಗುವದಿಲ್ಲ. ತುಂಬಿದ ಸಭೆಯಲ್ಲಿ ರಾಜನನ್ನು ಎದುರಿಗೆ ನಿಲ್ಲಿಸಿಕೊಂಡು ಜಾಡಿಸುವಳು. ಶಾಪವೂ ಉಂಗುರವೂ ಕಾಳಿದಾಸನ ಕಾಲಕ್ಕೆ ಬಂದವು. ಬಂದು, ರಾಜನ ತಪ್ಪನ್ನು ಮೀನಿನ ಹೊಟ್ಟೆಯಲ್ಲಿ ಮುಚ್ಚಿಟ್ಟವು. ಕಾವ್ಯವು ಹೆಚ್ಚು ಸುಂದರವಾಯಿತೆಂಬುದನ್ನು ಅಲ್ಲಗಳೆಯುವದಿಲ್ಲ.

ಕನ್ನಡ ಕಾದಂಬರಿಯಾದರೂ ಅಳುತ್ತಲೇ ಹುಟ್ಟಿದ್ದಲ್ಲ. ೧೮೯೯ರಲ್ಲಿ ಗುಲ್ವಾಡಿ ವೆಂಕಟರಾಯರು ಪ್ರಕಟಿಸಿದ ಇಂದಿರಾಬಾಯಿಯಲ್ಲಿ ನಾಯಿಕೆಯು ಬಾಲವಿಧವೆ. ಭಕ್ತಿಯ ವೇಷ ಹಾಕಿದ ಕಪಟಿಗಳು ಅವಳ ಸುತ್ತ ಬಲೆಬೀಸುವರು. ಆಕೆಯು ಬಲೆಯಿಂದ ಪಾರಾಗಿ, ವಿದ್ಯೆ ಕಲಿತು, ಮರುಮದುವೆಯಾಗುವಳು, ಕಪಟಿಗಳು ನಗೆಪಾಟಲಾಗುವರು. ನಮ್ಮ ಮೊದಲ ಸಾಮಾಜಿಕ ಕಾದಂಬರಿಯು ಹಾಕಿಕೊಟ್ಟ ದಾರಿ ಇದು. ಆಮೇಲೆ ಯಾವ ಗ್ರಹ ಬಡಿಯಿತೋ, ಕನ್ನಡದ ಓದುಗರಿಗೆ ಕಣ್ಣೀರಿನ ರುಚಿ ಹತ್ತಿತು. ಬಾವಿ, ಹಗ್ಗ, ಕ್ಷಯರೋಗ, ಕಾಶೀಯಾತ್ರೆ, ಇವುಗಳಲ್ಲಿ ಒಂದನ್ನು ಕೊಡದೆ ಮೋಸಹೋದ ಹೆಣ್ಣನ್ನು ಕಾದಂಬರಿಯಿಂದ ಕಳಿಸಿಕೊಟ್ಟ ಲೇಖಕರು ವಿರಳ. ತ್ರಿವೇಣಿಯವರ ಶರಪಂಜರವು ಈ ಸಾಲಿಗೆ ಸೇರತಕ್ಕದ್ದಲ್ಲ. ಅದು ಈ ಸಾಲನ್ನೇ ಪ್ರಶ್ನಿಸಿದ ಕೃತಿ. ಅಲ್ಲಿ ಕಾವೇರಿಯ ಮನೋರೋಗವು ವಾಸಿಯಾಗುವದು. ವಾಸಿಯಾದದ್ದನ್ನು ಒಪ್ಪದವರು ಗಂಡ, ಬಂಧು, ನೆರೆಹೊರೆ. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿ ತೆಗೆದಾಗ ನಾಡೆಲ್ಲ ಕಣ್ಣೊರೆಸಿಕೊಂಡು ಮನೆಗೆ ಹೋಯಿತು. ಹೋಗಿ, ತನ್ನ ಮನೆಯ ಕಾವೇರಿಗೆ ಅದೇ ಮಾತುಗಳನ್ನು ಆಡಿತು. ಕಣ್ಣೀರಿನಿಂದ ಆಗದ ಕೆಲಸ ಕೆಲವು ಉಂಟೆಂದು ಇದರಿಂದ ತಿಳಿಯತಕ್ಕದ್ದು.

ಪರದೇಶದಲ್ಲಿಯೂ ಇದೇ ವ್ಯಥೆ. ೧೮೬೧ರಲ್ಲಿ ಮುಗಿದ ಡಿಕನ್ಸನ ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್ ಕಾದಂಬರಿಯ ಮಿಸ್ ಹ್ಯಾವಿಶಾಮಳನ್ನು ಇಂಗ್ಲೀಷು ಓದಿದವರೆಲ್ಲ ಬಲ್ಲರು. ವಂಚಕನೊಬ್ಬನು ಅವಳ ಹಣ ತಿಂದು, ಮದುವೆಯ ದಿನವೇ ಒಲ್ಲೆನೆಂದು ಪತ್ರ ಬರೆದನು. ಒಂಬತ್ತಕ್ಕೆ ಇಪ್ಪತ್ತು ನಿಮಿಷವಿತ್ತು. ಆಕೆಯು ಮನೆಯ ಗಡಿಯಾರಗಳನ್ನೆಲ್ಲ ಅಲ್ಲಿಗೇ ನಿಲ್ಲಿಸಿ, ಮದುವೆಯ ಉಡುಪನ್ನು ಕಳಚದೆ, ಮದುವೆಯ ಮಿಠಾಯಿಯ ಮೇಲೆ ಜೇಡ ಬಲೆ ಕಟ್ಟುತ್ತಿರಲು, ಮುದುಕಿಯಾಗುವವರೆಗೆ ಕುಳಿತಳು. ಚಿತ್ರವು ಅದ್ಭುತವಾಗಿದೆ. ಆದರೆ ನಮ್ಮ ಪಂಡಿತಮಿತ್ರರು ಆ ಬ್ಯಾಂಕಿನ ಕಾರಕೂನಳಿಗೆ ಬಯಸುವದೂ ಇದನ್ನೇ ಅಲ್ಲವೆ? ಬಡವಳಾದ್ದರಿಂದ ಅವಳಿಗೆ ನಿಲ್ಲಿಸಲು ಅಷ್ಟು ಗಡಿಯಾರಗಳಿಲ್ಲ. ಮುಂಜಾನೆ ಹತ್ತಕ್ಕೆ ಬ್ಯಾಂಕಿನ ಬಾಗಿಲನ್ನೂ ತೆರೆಯಬೇಕು.

ನಗೆಯು ಔಷಧವೆಂಬ ಮಾತನ್ನು ಹಳೆಯ ಮುದ್ರಿಕೆಯಂತೆ ಎಲ್ಲರೂ ಒತ್ತುವರಾದ್ದರಿಂದ ಅದನ್ನು ನಾನು ಒತ್ತುವದಿಲ್ಲ. ಒಂದು ಸಂಗತಿಯನ್ನು ಮಾತ್ರ ಹೇಳುವೆನು. ೧೯೪೨ರಿಂದ ೧೯೬೭ರ ವರೆಗೆ ಕನ್ನಡಕ್ಕೆ ನಗುವದನ್ನು ಕಲಿಸಿದ ಕೊರವಂಜಿ ಪತ್ರಿಕೆಯನ್ನು ನಡೆಸಿದ ರಾಶಿಯವರು, ಎಂದರೆ ಡಾ. ಎಂ. ಶಿವರಾಮರು, ವೃತ್ತಿಯಿಂದ ವೈದ್ಯರು. ಅವರಿಗೆ ೧೯೭೬ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದದ್ದು ನಗೆಬರಹಕ್ಕಲ್ಲ, ಮನೋರೋಗಗಳನ್ನು ಕುರಿತ ಮನಮಂಥನಕ್ಕೆ. ಮನಸ್ಸಿನ ಗಾಯಗಳನ್ನು ಅಷ್ಟು ಹತ್ತಿರದಿಂದ ಕಂಡವರು ನಗೆಯ ಪತ್ರಿಕೆಯನ್ನು ಇಪ್ಪತ್ತೈದು ವರ್ಷ ನಡೆಸಿದರೆಂಬುದನ್ನು ನಮ್ಮ ಮಿತ್ರರು ಆಕಸ್ಮಿಕವೆನ್ನುವರೋ ಏನೋ.

ಬಿದ್ದವರನ್ನು ಕಂಡು ನಗಬಾರದೆಂಬುದು ಅವರ ಇನ್ನೊಂದು ಮಾತು. ಸರಿಯೇ, ಆದರೆ ಬಿದ್ದವರು ನಗಬಾರದೆಂದು ಅದರಿಂದ ಹೇಗೆ ಸಿದ್ಧವಾಗುವದು? ಭರತನು ಹಾಸ್ಯವನ್ನು ಆತ್ಮಸ್ಥ, ಪರಸ್ಥವೆಂದು ಎರಡಾಗಿ ವಿಂಗಡಿಸಿರುವನು. ಪಂಡಿತರು ಅದಕ್ಕೆ ಬೇರೆಬೇರೆ ಅರ್ಥ ಹೇಳುವರು. ನನಗೆ ಈ ವಿಂಗಡಣೆಯು ಇಲ್ಲಿಯಂತೆ ಮತ್ತೆಲ್ಲಿಯೂ ಉಪಯೋಗಕ್ಕೆ ಬಂದಿಲ್ಲ. ಕೆಸರಿನಲ್ಲಿ ಜಾರಿದವಳನ್ನು ಕಂಡು ಕಟ್ಟೆಯ ಮೇಲಿನವರು ನಗುವದು ಒಂದು. ಆಕೆಯೇ ಎದ್ದು ಸೀರೆಯ ನಿರಿಗೆ ಕೊಡವುತ್ತ ನಗುವದು ಇನ್ನೊಂದು. ಎರಡನೆಯದು ಕೇಳಿಬಂದೊಡನೆ ಮೊದಲನೆಯದು ನಿಂತುಹೋಗುವದನ್ನು ನೀವೂ ಕಂಡಿರಬೇಕು. ಕಟ್ಟೆಯವರ ನಗೆಗೆ ಬಂಡವಾಳ ಅವಳ ನಾಚಿಕೆ. ಆಕೆಯು ಅದನ್ನು ಹಿಂದಕ್ಕೆ ಪಡೆದಳೆಂದರೆ ಅವರ ಅಂಗಡಿ ಬಾಗಿಲು ಹಾಕಿದಂತೆಯೇ.

ವಂಚಕನ ಅಂಗಡಿಯೂ ಅದೇ ಬಂಡವಾಳದ ಮೇಲೆ ನಡೆಯುವದು. ೨೦೨೩ರ ಜುಲೈ ತಿಂಗಳಲ್ಲಿ ಮೈಸೂರಿನ ಪೊಲೀಸರು ಬೆಂಗಳೂರಿನ ಮೂವತ್ತೈದು ವರ್ಷದ ಒಬ್ಬನನ್ನು ಹಿಡಿದ ಸುದ್ದಿಯನ್ನು ವಾಚಕರು ಓದಿರಬಹುದು. ಜಾಲತಾಣಗಳಲ್ಲಿ ಒಮ್ಮೆ ವೈದ್ಯನೆಂದೂ ಒಮ್ಮೆ ಇಂಜಿನಿಯರನೆಂದೂ ಹೇಳಿಕೊಂಡು ಅವನು ೨೦೧೪ರಿಂದ ಹದಿನೈದು ಮಂದಿಯನ್ನು ಮದುವೆಯಾಗಿದ್ದನೆಂದು ಪೊಲೀಸರ ಹೇಳಿಕೆಯಾಗಿ ಪತ್ರಿಕೆಗಳು ಬರೆದವು. ಅವನ ಇಂಗ್ಲೀಷು ವೈದ್ಯನಿಗೆ ತಕ್ಕುದಾಗಿರಲಿಲ್ಲವೆಂಬ ಒಂದೇ ಕಾರಣದಿಂದ ಎಷ್ಟೋ ಮಂದಿ ಕನ್ಯೆಯರು ಅವನನ್ನು ಒಲ್ಲೆನೆಂದು ಪಾರಾದರಂತೆ. ವ್ಯಾಕರಣವು ಪ್ರಾಣರಕ್ಷಕವೆಂದು ಮಕ್ಕಳಿಗೆ ಹೇಳುತ್ತ ಬಂದ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ದೊರೆತಿಲ್ಲ! ನಗೆಯು ಇಲ್ಲಿಗೆ ನಿಲ್ಲುವದು. ಮೋಸಹೋದವರಲ್ಲಿ ಬಹುತೇಕರು ದೂರು ಕೊಡಲೇ ಇಲ್ಲ. ಮಾನ ಹೋಗುವದೆಂದು ಹೆದರಿ ಸುಮ್ಮನಿದ್ದರು. ಮೊದಲನೆಯವಳು ಬಾಯಿಬಿಟ್ಟಿದ್ದರೆ ಎರಡನೆಯವಳು ಉಳಿಯುತ್ತಿದ್ದಳು. ಮೊದಲನೆಯವಳ ಬಾಯಿಯ ಮೇಲೆ ಕೈಯಿಟ್ಟವನು ವಂಚಕನಲ್ಲ. ಅವನು ಆಗಲೇ ಊರು ಬಿಟ್ಟಿದ್ದನು. ಕೈಯಿಟ್ಟವರು ಮನೆಯವರು, ಕಟ್ಟೆಯವರು, ಕರುಣರಸದ ಅಭಿಮಾನಿಗಳು.

ಕಾಯಿದೆಯಲ್ಲಿ ಕೊರತೆಯಿಲ್ಲ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ ೩೧೮ನೆಯ ಕಲಮು, ಬೇರೆಯವನ ಸೋಗಿನಿಂದ ವಂಚಿಸುವದಕ್ಕೆ ೩೧೯ನೆಯದು. ಮದುವೆಯ ಸುಳ್ಳು ಭರವಸೆಯಿಂದಲೋ ತಾನಾರೆಂಬುದನ್ನು ಮರೆಮಾಡಿಯೋ ಹೆಣ್ಣಿನ ಸಂಗ ಮಾಡಿದವನಿಗೆ ೬೯ನೆಯ ಕಲಮಿನಲ್ಲಿ ಹತ್ತು ವರ್ಷದವರೆಗೆ ಸೆರೆ. ಕಲ್ಯಾಣದಲ್ಲಿ ಕುಳಿತು ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಹೆಣ್ಣಿನ ಕೈಗೆ ಬಂದ ಧನವನ್ನು ಉದಾರವಾಗಿ ಸ್ತ್ರೀಧನವೆಂದೇ ಎಣಿಸಿದ್ದನು. ಕಾಯಿದೆಯ ಬಾಗಿಲವರೆಗೆ ಹೋಗುವ ಕಾಲುಗಳನ್ನು ಕಟ್ಟಿಹಾಕಿದವರ ಮೇಲೆ ಯಾವ ಕಲಮೂ ಇಲ್ಲ. ಇದ್ದಿದ್ದರೆ ನಾನೂ ಆರೋಪಿಯಾಗುತ್ತಿದ್ದೆನು.

ಹೌದು, ವಾಚಕರೇ. ಮುಂದಿನದನ್ನು ನನ್ನ ತಂಗಿಯ ಮಗಳ ಒಪ್ಪಿಗೆಯನ್ನು ಪಡೆದೇ ಬರೆಯುತ್ತಿರುವೆನು. ಅವಳು ಮಾಧ್ಯಮಿಕ ಶಾಲೆಯೊಂದರ ಶಿಕ್ಷಕಿ. ಮೂರು ವರ್ಷಗಳ ಹಿಂದೆ ಜಾಲತಾಣವೊಂದರಲ್ಲಿ ವರನೊಬ್ಬನು ಪರಿಚಯವಾದನು. ಮೂಲ ಅಫಜಲಪುರ ತಾಲೂಕೆಂದನು, ಕೆಲಸ ದೋಹಾದಲ್ಲೆಂದನು, ಊರಿಗೆ ಬಂದೊಡನೆ ಗಾಣಗಾಪುರದಲ್ಲಿ ದತ್ತನ ದರ್ಶನ ಮಾಡಿ ನಮ್ಮ ಮನೆಗೆ ಬರುವೆನೆಂದನು. ನಮ್ಮ ಹಿರೋಳ್ಳಿಯು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರು. ೨೦೨೧ರಲ್ಲಿ ಕೊರೋನಾ ಜಡ್ಡಿನ ಕಾಲಕ್ಕೆ ಅತ್ತಣಿಂದ ಬರುವವರು ಪರೀಕ್ಷೆಯ ಪ್ರಮಾಣಪತ್ರವನ್ನು ತೋರಿಸದೆ ಒಳಗೆ ಬರುವ ಹಾಗಿರಲಿಲ್ಲ. ಈತನು ಯಾವ ಠಾಣೆಯನ್ನೂ ದಾಟದೆ ಅಂಗೈಯಗಲದ ಫೋನಿನಲ್ಲಿ ನೇರವಾಗಿ ಅಡಿಗೆಮನೆಗೆ ಬಂದನು. ತಾಯಿಯ ಹೃದಯದ ಶಸ್ತ್ರಕ್ರಿಯೆಯೆಂದು ಒಮ್ಮೆ, ವಿಮಾನನಿಲ್ದಾಣದ ಸುಂಕದವರು ಹಿಡಿದಿಟ್ಟ ಬಂಗಾರ ಬಿಡಿಸಬೇಕೆಂದು ಎರಡು ಸಲ, ಮೂರು ಲಕ್ಷದ ಎಂಬತ್ತು ಸಾವಿರ ರೂಪಾಯಿ ಅವಳಿಂದ ಹೋಯಿತು. ಕೊನೆಯ ಹಣ ಹೋದ ಸಂಜೆಯೇ ಅವಳಿಗೆ ಸಂಶಯ ಬಂದು ನನ್ನ ಕಡೆಗೆ ಓಡಿಬಂದಳು. ಪೊಲೀಸರಿಗೆ ಹೇಳಲೇ, ಮಾಮಾ, ಎಂದು ಕೇಳಿದಳು. ನಾನು ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯುವೆನು: “ಹೋದದ್ದು ಹೋತು, ಬಾಯಿ ಬಿಡಬ್ಯಾಡವ್ವಾ.”

೧೯೩೦ ಎಂಬ ಸಂಖ್ಯೆಗೆ ಆ ಕ್ಷಣವೇ ತಿಳಿಸಿದರೆ ಹಣವು ಮುಂದಿನ ಕೈಗೆ ದಾಟುವ ಮೊದಲೇ ಬ್ಯಾಂಕಿನಲ್ಲಿ ತಡೆಹಿಡಿಸುವ ಅವಕಾಶವುಂಟೆಂದು ನನಗೆ ಆಮೇಲೆ ತಿಳಿಯಿತು. ಎಲ್ಲವೂ ಮರಳುತ್ತಿತ್ತೆಂದು ಹೇಳಲಾರೆ. ಆ ಕೊನೆಯ ಕಂತಾದರೂ ಉಳಿಯುತ್ತಿತ್ತೇನೋ. ನನ್ನ ಮಾತನ್ನು ನಡೆಸಿ ಅವಳು ಎರಡು ವರ್ಷ ಬಾಯಿಬಿಡಲಿಲ್ಲ. ಶಾಲೆಗೆ ಹೋಗುವಳು, ಬರುವಳು, ಗೋಡೆಯ ಕಡೆಗೆ ಮುಖ ಮಾಡಿ ಮಲಗುವಳು. ನಾವೆಲ್ಲ ಅವಳ ಸುತ್ತ ದನಿ ತಗ್ಗಿಸಿ ಮಾತಾಡುವೆವು. ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಸೂತಕ ಮಾತ್ರ ಕಳೆಯಲೊಲ್ಲದು.

ಕಳೆದ ಎಳ್ಳಮಾಸಿಗೆ ಎಲ್ಲರೂ ಹೊಲಕ್ಕೆ ಹೋಗಿದ್ದೆವು. ಜೋಳ ಎದೆಯೆತ್ತರ ನಿಂತಿತ್ತು. ಚರಗ ಚೆಲ್ಲಿ ಬಂದು ಊಟಕ್ಕೆ ಕುಳಿತೆವು. ಸಜ್ಜೆರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ, ಪುಂಡಿಪಲ್ಯ. ರೊಟ್ಟಿ ಮುರಿಯುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿ, ಪುಂಡಿಪಲ್ಯವನ್ನೇ ನೋಡುತ್ತ, ಒಮ್ಮೆಲೇ ನಗತೊಡಗಿದಳು. ನಮಗೆ ಗಾಬರಿಯಾಯಿತು. ಅವಳು ಕಣ್ಣೊರೆಸಿಕೊಂಡು ಹೇಳಿದಳು: “ಮಾಮಾ, ಪುಂಡಿಪಲ್ಯ ಅಂದ್ರ ಹೂವಿನ ಗಿಡಾ ಏನು ಅಂತ ಕೇಳಿದ್ದ ಅಂವ. ಅಂಥಾವನ್ನ ನಾ ಅಫಜಲಪುರದಾಂವ ಅಂತ ನಂಬಿದ್ನೆಲ್ಲ!” ಅವಳ ತಾಯಿಯು ಆಚೆಯ ಹೊಲದವರ ಕಡೆಗೆ ನೋಡಿ, ಸುಮ್ನಿರವ್ವಾ, ಮಂದಿ ಕೇಳ್ಯಾರು, ಎಂದಳು. “ಕೇಳಲಿ ಬಿಡವ್ವಾ” ಎಂದು ಅವಳು ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು. ಮರುವಾರ ತಾನೇ ಠಾಣೆಗೆ ಹೋಗಿ ದೂರು ಬರೆದುಕೊಟ್ಟಳು. ಹಣ ಬ್ಯಾಂಕಿನಿಂದ ಹೋಗಿ ಎರಡು ವರ್ಷ ಮೀರಿತ್ತು. ಬರುವ ಆಶೆಯನ್ನು ಅವರೂ ತೋರಿಸಲಿಲ್ಲ, ಅವಳೂ ಕೇಳಲಿಲ್ಲ. ಅದೇ ಫೋನಿನ ಸಂಖ್ಯೆಯಿಂದ ಬೇರೆ ಯಾರಾದರೂ ಕೆಟ್ಟಿದ್ದರೆ ಕಾಗದ ಇರಲೆಂದಳು.

ಮಿತ್ರರು ಈ ನಗೆಯನ್ನು ಗ್ರಾಮ್ಯವೆನ್ನುವರೆ? ಇದರಿಂದ ಅಲಕ್ಷ್ಯ ಬೆಳೆಯಿತೆನ್ನುವರೆ? ಎರಡು ವರ್ಷದ ಮರ್ಯಾದಸ್ಥ ಮೌನವು ಕಲಿಸದ ಎಚ್ಚರವನ್ನು ಒಂದು ಪುಂಡಿಪಲ್ಯದ ನಗೆಯು ಇಡೀ ಮನೆಗೆ ಕಲಿಸಿತು. ಈಗ ನಮ್ಮ ಓಣಿಯಲ್ಲಿ ಯಾವ ಕನ್ಯೆಗೆ ದೂರದ ವರ ಬಂದರೂ ಊಟದ ಪದಾರ್ಥಗಳ ಪರೀಕ್ಷೆ ಮೊದಲು ನಡೆಯುವದು. ಇನ್ನು ಸಂಭಾವಿತರ ಮನೆಗಳ ಮಾತು. ಸವಳಗಿಯ ಮಣ್ಣಿನಿಂದ ಬಂದು ೨೦೦೪ರಲ್ಲಿ ಬದುಕು ಕಾದಂಬರಿಗೆ ಅಕಾಡೆಮಿಯ ಬಹುಮಾನ ಪಡೆದ ನಮ್ಮ ಜಿಲ್ಲೆಯ ಗೀತಾ ನಾಗಭೂಷಣರನ್ನು ಓದಿದವರಿಗೆ ಗೊತ್ತು, ದುಡಿದುಣ್ಣುವ ಹೆಂಗಸರು ಮೋಸವನ್ನು ಬೀದಿಗೆ ತಂದು ಬಾಯಿತುಂಬ ಬೈಯುವರು. ಬೈಯಲಾರದೆ ನಗಲಾರದೆ ಗೋಡೆಯ ಕಡೆಗೆ ಮಲಗುವದು ನಮ್ಮಂಥ ಸಂಭಾವಿತರ ಮನೆಗಳಲ್ಲಿಯೇ ಹೆಚ್ಚು. ಆದಕಾರಣ ಈ ಕಾದಂಬರಿಯು ಮೊದಲು ಸೇರಬೇಕಾದದ್ದೂ ಇಂಥ ಮನೆಗಳನ್ನೇ.

ಕೃತಿಯಲ್ಲಿ ದೋಷವಿಲ್ಲವೆಂದು ನಾನು ವಾದಿಸುವದಿಲ್ಲ. ಭಾಷೆಯು ಅಲ್ಲಲ್ಲಿ ಸಡಿಲಾಗಿದೆ. ಎರಡನೆಯ ಪ್ರಕರಣದಲ್ಲಿ ಬ್ಯಾಂಕಿನ ಮ್ಯಾನೇಜರನನ್ನು ಅಷ್ಟು ಬೇಗ ಎರಡನೆಯ ವರನನ್ನಾಗಿ ಸೂಚಿಸಿರುವದು ನನಗೆ ಒಪ್ಪಿಗೆಯಿಲ್ಲ. ಚೇತರಿಸಿಕೊಳ್ಳುವದೆಂದರೆ ಇನ್ನೊಬ್ಬನು ಸಿಕ್ಕುವದು ಎಂದಾದರೆ ಅದು ಚೇತರಿಕೆಯಲ್ಲ, ವರ್ಗಾವಣೆ. ಇವನ್ನೆಲ್ಲ ಲೇಖಕಿಗೆ ಪತ್ರದಲ್ಲಿ ಬರೆದು, ಹಸ್ತಪ್ರತಿಯನ್ನು ಓದಲು ಕೊಡೆಂದು ಬೇಡಿಕೊಂಡೆನು. ಕಳಿಸಿಕೊಟ್ಟಳು. ನನಗಿಂತ ಮೊದಲು ಅದನ್ನು ನನ್ನ ತಂಗಿಯ ಮಗಳು ತೆಗೆದುಕೊಂಡು ಹೋದಳು. ಎಂಟು ದಿನದ ಮೇಲೆ ನನ್ನ ಕೈಗೆ ಬಂದಾಗ ಅಂಚಿನ ತುಂಬ ಪೆನ್ಸಿಲಿನ ಗುರುತುಗಳಿದ್ದವು. ವರನು ಮೊದಲ ತಿಂಗಳಲ್ಲಿಯೇ ಹಣ ಕೇಳುವ ಕಡೆಗೆ, “ಇಷ್ಟು ಲಗೂ ಕೇಳೂದಿಲ್ಲ, ಮೂರನೇ ತಿಂಗಳ” ಎಂದು ಬರೆದಿದ್ದಳು. ಸುಳ್ಳುಗಳಿಗೆ ಮಾರ್ಕು ಹಾಕುವ ಪುಟದಲ್ಲಿ ತಾಯಿಯ ಶಸ್ತ್ರಕ್ರಿಯೆಗೆ ನಾಯಿಕೆಯು ಕೊಟ್ಟ ಹತ್ತಕ್ಕೆ ಏಳನ್ನು ಹೊಡೆದುಹಾಕಿ ನಾಲ್ಕು ಮಾಡಿದ್ದಳು.